ಒಂದು ದಿನವೂ ತಪ್ಪಿಸದವಳ ಕಾರ್ಡಿನಲ್ಲಿ ‘ಸಲಹೆ ಪಾಲಿಸಿಲ್ಲ’

‘ಹಗುರ ಹೆಜ್ಜೆ’ ಮಹಿಳಾ ತೂಕ ನಿಯಂತ್ರಣ ಅಭಿಯಾನದ ಜಿಲ್ಲಾ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ, ನನ್ನ ಅತ್ತಿಗೆ ವೈಜಯಂತಿಯ ಹಸಿರು ಕಾರ್ಡಿನ ಮೇಲೆ ನಿಮ್ಮ ಕಚೇರಿ ಎರಡು ಸಲ ‘ಸಲಹೆ ಪಾಲಿಸಿಲ್ಲ’ ಎಂಬ ನೇರಳೆ ಮುದ್ರೆ ಒತ್ತಿದೆ. ಎರಡೂ ಸುಳ್ಳು. ಈ ಮಾರ್ಚ್ ಹತ್ತೊಂಬತ್ತರಂದು ಮೂರನೆಯದನ್ನು ಒತ್ತಲಿದ್ದೀರಿ. ನಿಮ್ಮ ನಿಯಮದಂತೆ ಮೂರು ಮುದ್ರೆ ಬಿದ್ದವಳ ಶಸ್ತ್ರಚಿಕಿತ್ಸೆಯ ಶಿಫಾರಸು ಪತ್ರ ರದ್ದಾಗುತ್ತದೆ, ಒಂದು ವರ್ಷ ಕಳೆದ ಮೇಲೆ ಅವಳು ಮತ್ತೆ ಮೊದಲಿನಿಂದ ಹೆಸರು ಬರೆಸಬೇಕು. ಅತ್ತಿಗೆಯ ಗರ್ಭಕೋಶದಲ್ಲಿ ಗಡ್ಡೆ ಇದೆ. ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗುತ್ತದೆ. ಇಂಥವಳಿಗೆ ‘ಮುಂದಿನ ವರ್ಷ ಬನ್ನಿ’ ಎನ್ನುವ ಮುನ್ನ ಅವಳು ಏನು ತಪ್ಪು ಮಾಡಿದಳೆಂದು ಯಾರಾದರೂ ಒಮ್ಮೆ ಕೇಳಬೇಕಿತ್ತು. ಯಾರೂ ಕೇಳದ್ದರಿಂದ ನಾನೇ ಹೇಳಬೇಕಾಗಿದೆ. ನಾಲ್ಕು ಜನರ ಎದುರು ಮಾತೆತ್ತುವ ಧೈರ್ಯ ನನಗಿಲ್ಲ. ಡಿಸೆಂಬರಿನಲ್ಲಿ ನಿಮ್ಮ ಮೇಜಿನ ಎದುರು ಆಡಬೇಕಿದ್ದ ಮಾತನ್ನು ಮೂರು ತಿಂಗಳು ತಡವಾಗಿ ಪತ್ರಿಕೆಯಲ್ಲಿ ಬರೆಯುತ್ತಿರುವುದು ಅದಕ್ಕೇ.

ಗಡ್ಡೆ ತೆಗೆಯಬೇಕೆಂದು ವೈದ್ಯರು ಹೇಳಿ ಹತ್ತು ತಿಂಗಳಾಯಿತು. ಅರಿವಳಿಕೆ ಕೊಡುವ ವೈದ್ಯರು ಅತ್ತಿಗೆಯನ್ನು ನೋಡಿ, ಈ ತೂಕಕ್ಕೆ ಅರಿವಳಿಕೆ ಅಪಾಯ, ಎಂಬತ್ತೈದು ಕಿಲೋಗೆ ಇಳಿದು ಬರಲಿ ಎಂದರು. ಅವರ ಮೇಲೆ ನನಗೆ ಕೋಪವಿಲ್ಲ, ಅವರು ತಮ್ಮ ಕೆಲಸ ಮಾಡಿದರು. ಇಳಿಸುವ ಕೆಲಸ ನಿಮ್ಮ ಅಭಿಯಾನಕ್ಕೆ ಬಂತು. ಹೋದ ಜೂನ್‌ನಲ್ಲಿ ಅಂಕೋಲೆಯ ಸಭಾಭವನವೊಂದರಲ್ಲಿ ನಿಮ್ಮ ಶಿಬಿರ ನಡೆಯಿತು, ನಾನೂ ಅತ್ತಿಗೆಯ ಜೊತೆ ಹೋಗಿದ್ದೆ. ವೇದಿಕೆಯ ಮೇಲೆ ತೂಕದ ಯಂತ್ರ, ಪಕ್ಕದಲ್ಲಿ ಮೈಕು. ಒಬ್ಬೊಬ್ಬರೇ ಹತ್ತುವುದು, ಮೈಕಿನಲ್ಲಿ ಅಂಕಿ ಕೂಗುವುದು, ಕೆಳಗಿನವರು ಬರೆದುಕೊಳ್ಳುವುದು. ದನದ ಪರಿಷೆಯಲ್ಲಿ ಇಷ್ಟು ಗಟ್ಟಿಯಾಗಿ ಕೂಗುವುದಿಲ್ಲ, ಅಲ್ಲಿ ಬೆಲೆ ಹೇಳುವಾಗ ಬೆರಳುಗಳನ್ನು ಟವೆಲ್ಲಿನ ಕೆಳಗೆ ಹಿಡಿಯುವಷ್ಟು ಮರ್ಯಾದೆ ಇದೆ. ಸಾಲಿನಲ್ಲಿದ್ದ ಹೆಂಗಸರು ಬಳೆ, ಪರ್ಸು, ಮುಡಿದ ಹೂವು ಎಲ್ಲ ತೆಗೆದು ಪಕ್ಕದವರ ಕೈಗೆ ಕೊಡುತ್ತಿದ್ದರು. ಒಬ್ಬಳು ಇನ್ನೊಬ್ಬಳಿಗೆ, “ಮಂಗಳಸೂತ್ರ ತೆಗ್ಯೂದಿಲ್ಲ್ವೇನೆ?” ಎಂದಳು. “ಅದ್ ತೆಗ್ದ್ರೆ ಕಮ್ಮಿ ಆಗೂದು ಗಂಡನ ತೂಕ, ನಂದಲ್ಲ ಮಾರಾಯ್ತಿ” ಎಂದಳು ಆಕೆ. ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕಳು. ಆಮೇಲೆ ಮೈಕಿನಲ್ಲಿ ‘ವೈಜಯಂತಿ, ತೊಂಬತ್ತೊಂದು’ ಎಂದು ಕೇಳಿದಾಗ ಅವಳ ಮುಖದ ನಗೆ ಹಾಗೇ ನಿಂತುಬಿಟ್ಟಿತು. ಅಳಿಸಿದರೆ ಎಲ್ಲರಿಗೂ ಕಾಣುತ್ತದಲ್ಲ.

ಕೊನೆಯಲ್ಲಿ ಒಂದು ಕರಪತ್ರ ಕೊಟ್ಟಿರಿ. ಕನ್ನಡ ಸಾಹಿತ್ಯದ ಎಂ.ಎ. ಮಾಡಿದ ನನಗೆ ಬರುವ ವಿದ್ಯೆ ಒಂದೇ, ಕೈಗೆ ಬಂದದ್ದನ್ನು ಗಮನವಿಟ್ಟು ಓದುವುದು. ನಿಮ್ಮ ಕರಪತ್ರವನ್ನೂ ಹಾಗೇ ಓದಿದೆ. ಮುಖಪುಟದಲ್ಲಿ ಗುಲಾಬಿ ಬೂಟು ತೊಟ್ಟ ಹೆಂಗಸೊಬ್ಬಳು ಉದ್ಯಾನದಲ್ಲಿ ಓಡುತ್ತಿದ್ದಾಳೆ. ಒಳಗೆ ಓಟ್ಸ್, ಕಂದು ಬ್ರೆಡ್, ಮೊಟ್ಟೆಯ ಬಿಳಿಭಾಗ, ಆಲಿವ್ ಎಣ್ಣೆ. ಕರಾವಳಿಯ ಹೆಂಗಸರಿಗೆ ಹಂಚಿದ ಹಾಳೆಯಲ್ಲಿ ಮೀನಿನ ಹೆಸರೇ ಇಲ್ಲ. ‘ಬೊಜ್ಜಿಗೆ ಕಾರಣಗಳು’ ಎಂಬ ತಲೆಬರಹದ ಕೆಳಗೆ ಎರಡೇ ಮಾತು: ಸೋಮಾರಿತನ, ಅತಿಯಾಗಿ ತಿನ್ನುವುದು. ಹಾಳೆಯ ನಡುವೆ ಅನ್ನದ ಬಟ್ಟಲಿನ ಚಿತ್ರ, ಅದರ ಮೇಲೆ ದಪ್ಪ ಕೆಂಪು ಗೀಟು. ಕೆಳಗೆ: ‘ಅನ್ನ ಬಿಡಿ.’

ಸೋಮಾರಿತನದ ವಿಷಯ ಮೊದಲು ಮುಗಿಸುತ್ತೇನೆ. ಅತ್ತಿಗೆಯ ತವರು ಮಂಜಗುಣಿ. ಹೊಳೆಯಂಚಿನ ಗದ್ದೆಯಲ್ಲಿ ನಾಟಿ ಮಾಡಿ, ಹುಲ್ಲಿನ ಹೊರೆ ಹೊತ್ತು ಬೆಳೆದವಳು. ಹದಿನೇಳು ವರ್ಷಗಳ ಹಿಂದೆ ಶೆಟಗೇರಿಯ ನಮ್ಮ ಮನೆಗೆ ಬಂದಾಗ ಅವಳ ತೂಕ ನಲವತ್ತಾರು. ಎರಡು ಹೆರಿಗೆ, ಎರಡು ಬಾಣಂತನದ ತುಪ್ಪ, ಬೆಲ್ಲ, ಮೆಂತ್ಯದ ಉಂಡೆ. ಬಾಣಂತನ ಮುಗಿದ ಮೇಲೆ ಮೊದಲಿನ ಹಾಗೆ ಗದ್ದೆಗಿಳಿಯಲು ಗದ್ದೆ ಇರಲಿಲ್ಲ, ಅಷ್ಟರಲ್ಲಿ ಅಣ್ಣ ನಾಗೇಶ ಅದನ್ನು ಗೇಣಿಗೆ ಕೊಟ್ಟು ಕಾರವಾರದ ಗೋದಾಮಿನಲ್ಲಿ ಗುಮಾಸ್ತನಾಗಿದ್ದ. ಅವನ ಏಳು ಗಂಟೆಯ ಬಸ್ಸಿಗಾಗಿ ಅತ್ತಿಗೆ ನಾಲ್ಕೂವರೆಗೆ ಏಳುತ್ತಾಳೆ, ಎಲ್ಲರೂ ಮಲಗಿದ ಮೇಲೆ ಮಲಗುತ್ತಾಳೆ. ದಿನವಿಡೀ ನಿಂತಿರುತ್ತಾಳೆ, ಆದರೆ ಅಡುಗೆಮನೆಯ ಆರು ಹೆಜ್ಜೆಯೊಳಗೆ. ನಾವೆಲ್ಲ ಉಂಡ ಮೇಲೆ ಅವಳು ಕೂರುವುದು. ಮಕ್ಕಳು ಬಿಟ್ಟ ಅನ್ನ, ನಾನು ‘ಸಾಕು ಅತ್ಗೆ’ ಎಂದು ಸರಿಸಿದ ಅರ್ಧ ದೋಸೆ, ಬೋಗುಣಿಯ ತಳದ ಪಲ್ಯ, ಚೆಲ್ಲಬಾರದೆಂದು ಎಲ್ಲವೂ ಅವಳ ತಟ್ಟೆಗೆ. ನಿಮ್ಮ ಕರಪತ್ರದ ‘ಅತಿಯಾಗಿ ತಿನ್ನುವುದು’ ನಮ್ಮ ಮನೆಯಲ್ಲಿ ಹೀಗೆ ನಡೆಯುತ್ತದೆ. ಹಸಿವಿಗೆ ತಿಂದದ್ದೆಷ್ಟು, ಪಾತ್ರೆ ಖಾಲಿ ಮಾಡಲು ತಿಂದದ್ದೆಷ್ಟು ಎಂದು ನಿಮ್ಮ ಯಂತ್ರ ಬೇರೆ ಬೇರೆ ತೋರಿಸುವುದಿಲ್ಲ. ಥೈರಾಯ್ಡ್ ಪರೀಕ್ಷೆ ಒಮ್ಮೆಯೂ ಆಗಿಲ್ಲ. ದಪ್ಪಗಿರುವವಳಿಗೆ ರಕ್ತ ಕಡಿಮೆ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಪರೀಕ್ಷಿಸಿದಾಗ ಹಿಮೋಗ್ಲೋಬಿನ್ ಏಳು ಇತ್ತು.

ನಡಿಗೆಯನ್ನೂ ಮಾಡಿದಳು. ದಿನಕ್ಕೆ ನಲವತ್ತೈದು ನಿಮಿಷ ಎಂದು ಬರೆದಿದ್ದಿರಿ. ಎಲ್ಲಿ ಎಂದು ಬರೆದಿರಲಿಲ್ಲ. ನಮ್ಮೂರಲ್ಲಿ ಹೆಂಗಸು ಸುಮ್ಮನೆ ನಡೆಯುವುದಿಲ್ಲ, ಎಲ್ಲಿಗಾದರೂ ಹೋಗುತ್ತಾಳೆ. ಬರಿಗೈಯಲ್ಲಿ ನಡೆದ ಮೊದಲ ಎರಡು ದಿನ ದಾರಿಯುದ್ದಕ್ಕೂ “ಎಲ್ಲಿಗೆ ಹೊಂಟ್ಯೆ?” “ಮನೇಲೆಂತಾದ್ರೂ ಆಯ್ತೇನೆ?” ಎಂಬ ಪ್ರಶ್ನೆಗಳು. ಮೂರನೆಯ ದಿನದಿಂದ ಹಾಲಿನ ಕ್ಯಾನು ಹಿಡಿದು ಹೊರಟಳು. ಡೇರಿಗೆ ಹೋಗುವವಳನ್ನು ಯಾರೂ ಏನೂ ಕೇಳುವುದಿಲ್ಲ. ಹದಿನೈದು ದಿನ ಖಾಲಿ ಕ್ಯಾನು ಹೊತ್ತು ನಡೆದಳು. ಹದಿನಾರನೆಯ ದಿನ ನೆರೆಮನೆಯ ಕಾಮಿಯಮ್ಮ ಬೇಲಿಯ ಮೇಲಿಂದ ಕೇಳಿದಳು: “ನಿಮ್ಮನೆ ಎಮ್ಮೆ ಕರು ಹಾಕೂಕೆ ಇನ್ನೂ ಎರಡ್ ತಿಂಗ್ಳು ಅದೆ. ಕ್ಯಾನಲ್ಲಿ ಎಂತಾ ಹೊತ್ಕಂಡ್ ಹೋಗ್ತೆ? ಗಾಳಿಯಾ?” ಕಾಮಿಯಮ್ಮ ಕೆಟ್ಟವಳಲ್ಲ, ತಮಾಷೆಗೆ ಕೇಳಿದಳು. ಅತ್ತಿಗೆ ಮರುದಿನದಿಂದ ನಡೆಯಲಿಲ್ಲ. ಅಷ್ಟರಲ್ಲಿ ರಕ್ತ ಹೋಗುವುದೂ ಹೆಚ್ಚಾಗಿತ್ತು, ದೂರ ನಡೆಯುವಂತೆಯೂ ಇರಲಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಶಿಬಿರದಿಂದ ಬಂದ ದಿನ ಅತ್ತಿಗೆ ಕರಪತ್ರವನ್ನು ನನ್ನ ತಾಯಿಯ ಮುಂದೆ ಹಿಡಿದು, “ಅನ್ನ ಬಿಡೂಕೆ ಹೇಳ್ದ್ರು ಅತ್ತೆ” ಎಂದಳು.

“ಎಷ್ಟ್ ದಿನ?” ಎಂದಳು ಅವ್ವಿ.

“ಆಪರೇಷನ್ ಆಗೂತನಕ.”

ಅವ್ವಿ ಆ ಕೆಂಪು ಗೀಟನ್ನು ಸ್ವಲ್ಪ ಹೊತ್ತು ನೋಡಿದಳು. “ಹಾಂಗಾರೆ ಸುಮ್ನೆ ಬಿಟ್ರೆ ಆಗ್ತದಾ? ಶನಿವಾರ ಮಿಂದ್ಕಂಡು, ವೆಂಕಟ್ರಮಣನ ಎದ್ರಿಗೆ ಕಾಯಿ ಇಟ್ಟು, ಹೇಳ್ಕಂಡು ಹಿಡಿ. ಒಮ್ಮೆ ಹಿಡಿದ್ಮೇಲೆ ನಡೂಮಧ್ಯೆ ಬಿಡೂಕಾಗ, ನೋಡು.”

ತಾವು ಈ ಕಡೆಯವರೋ ಬೇರೆ ಜಿಲ್ಲೆಯವರೋ ನನಗೆ ಗೊತ್ತಿಲ್ಲ, ಆದ್ದರಿಂದ ವಿವರಿಸುತ್ತೇನೆ. ನಮ್ಮಲ್ಲಿ ಅನ್ನ ಬಿಡುವುದು ಎಂದರೆ ವ್ರತ. ಬೇರೆ ಅರ್ಥವೇ ಇಲ್ಲ. ಸಂಕಷ್ಟಿಗೆ ಬಿಡುತ್ತಾರೆ, ಶ್ರಾವಣ ಶನಿವಾರ ಬಿಡುತ್ತಾರೆ, ಹರಕೆ ಹೊತ್ತವರು ತಿಂಗಳುಗಟ್ಟಲೆ ಬಿಡುತ್ತಾರೆ. ಅನ್ನ ಬಿಟ್ಟವರು ತಿನ್ನುವುದಕ್ಕೆ ಫಳಾರ ಎಂದು ಹೆಸರು. ಅನ್ನವೆಂದರೆ ಬೇಯಿಸಿದ ಅಕ್ಕಿ ಮಾತ್ರ. ಅದೇ ಅಕ್ಕಿಯನ್ನು ರುಬ್ಬಿ ಕಾವಲಿಗೆ ಹೊಯ್ದರೆ ದೋಸೆ, ಕುಟ್ಟಿ ಚಪ್ಪಟೆ ಮಾಡಿದರೆ ಅವಲಕ್ಕಿ. ಅವೆರಡೂ ಅನ್ನವಲ್ಲ, ಫಳಾರ. ಸಾಬುದಾಣಿ ಖಿಚಡಿ ಫಳಾರ, ಶಿರಾ ಫಳಾರ, ಬಟಾಟೆ ಹುರಿದರೂ ಫಳಾರ, ಬಾಳೆಹಣ್ಣಂತೂ ಸಾಕ್ಷಾತ್ ದೇವರದ್ದೇ. ವ್ರತವೆಂದ ಮೇಲೆ ಮೀನು ಮುಟ್ಟುವಂತಿಲ್ಲ. ಹೀಗೆ ನಿಮ್ಮ ಎರಡು ಪದದ ಸಲಹೆಯಿಂದ ಅತ್ತಿಗೆಯ ತಟ್ಟೆಯಲ್ಲಿದ್ದ ಒಂದೇ ಒಳ್ಳೆಯ ಪದಾರ್ಥ ಹೊರಗೆ ಹೋಯಿತು, ಉಳಿದದ್ದೆಲ್ಲ ಒಳಗೆ ಬಂತು.

ಇದರಲ್ಲಿ ಯಾರೂ ಮೋಸ ಮಾಡಲಿಲ್ಲ. ಊರಿನ ಬೇರೆ ಮನೆಯ ಸೊಸೆಯಂದಿರು ‘ಡಯಟ್’ ಎಂದರೆ ಮೂಗು ಮುರಿಯುವ ಅವ್ವಿ, ವ್ರತ ಹಿಡಿದ ಸೊಸೆಗೆ ತಾನೇ ಎದ್ದು ಸಾಬುದಾಣಿ ನೆನೆಹಾಕಿದಳು. ಹದಿನೇಳು ವರ್ಷಗಳಲ್ಲಿ ಮೊದಲ ಸಲ ಈ ಮನೆಯಲ್ಲಿ ಯಾರೋ ಅತ್ತಿಗೆಗೆಂದು ಬೇರೆ ಅಡುಗೆ ಮಾಡಿದರು. ಅದರ ಮೇಲೆ ತುಪ್ಪ ಹಾಕಿದ್ದು ಪ್ರೀತಿಯಿಂದ. ಅಣ್ಣ ಕಾರವಾರದಿಂದ ಬರುವಾಗ ಡಜನ್ ಬಾಳೆಹಣ್ಣು ತರತೊಡಗಿದ. “ವ್ರತದವ್ಳಿಗೆ ಶಕ್ತಿ ಬೇಕಲ್ಲ” ಎನ್ನುತ್ತಿದ್ದ. ನಾನು? ನಾನು ಪುಸ್ತಕದಿಂದ ತಲೆಯೆತ್ತಿ, ಅತ್ತಿಗೆ ಎಷ್ಟು ಗಟ್ಟಿ ಮನಸ್ಸಿನವಳು ಎಂದು ಮೆಚ್ಚಿಕೊಂಡೆ.

ಸೆಪ್ಟೆಂಬರಿನಲ್ಲಿ ಅವಳೊಬ್ಬಳೇ ತೂಕಕ್ಕೆ ಬಂದಳು. ಮೂರು ತಿಂಗಳ ಹಿಂದಿನ ತೊಂಬತ್ತೊಂದು ತೊಂಬತ್ತಮೂರೂವರೆಯಾಗಿತ್ತು. ಮೊದಲನೆಯ ಮುದ್ರೆ ಬಿತ್ತು. ಮನೆಗೆ ಬಂದವಳು ನಮಗೆ ಹೇಳಿದ್ದು ಇಷ್ಟೇ: “ಇನ್ನೂ ಬಿಗಿ ಮಾಡ್ಬೇಕಂತೆ.” ಯಾವುದನ್ನು ಬಿಗಿ ಮಾಡುವುದು? ಅಲ್ಲಿಯವರೆಗೆ ರಾತ್ರಿ ಒಂದಿಷ್ಟು ಗಂಜಿತಿಳಿ ಕುಡಿಯುತ್ತಿದ್ದಳು. ಅದರಲ್ಲಿ ಅನ್ನದ ಅಂಶ ಇದೆಯಲ್ಲ ಎಂದು ಅದನ್ನೂ ಬಿಟ್ಟು, ಬದಲಿಗೆ ಎರಡು ದೋಸೆ ಹೆಚ್ಚು ಮಾಡಿಕೊಂಡಳು.

ಡಿಸೆಂಬರಿನಲ್ಲಿ ನಾನು ಜೊತೆಗೆ ಬಂದೆ. ಶೆಟಗೇರಿಯಿಂದ ಅಂಕೋಲೆಗೆ, ಅಲ್ಲಿಂದ ಕಾರವಾರಕ್ಕೆ ಬಸ್ಸು, ಮತ್ತೆ ಶಿರವಾಡಕ್ಕೆ ರಿಕ್ಷಾ. ಅತ್ತಿಗೆ ಬಸ್ಸಿನಲ್ಲಿ ಸೀಟಿನ ಅಂಚಿನಲ್ಲಿ ಅರ್ಧ ಮಾತ್ರ ಕೂರುತ್ತಾಳೆ, ಒಂದು ಕಾಲು ದಾರಿಗೆ ಚಾಚಿ, ಪಕ್ಕದವರಿಗೆ ಜಾಗ ಸಾಲದಾದೀತೆಂದು. ಅವಳು ಹಾಗೆ ಕೂರುವುದನ್ನು ಅಂದೇ ಮೊದಲು ಗಮನಿಸಿದೆ. ನಿಮ್ಮ ಕಚೇರಿ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಮಂಡಿನೋವಿನ ಹೆಂಗಸರನ್ನು ತೂಕಕ್ಕೆ ಕರೆಯಲು ಇದಕ್ಕಿಂತ ಯೋಗ್ಯ ಕಟ್ಟಡ ಜಿಲ್ಲೆಯಲ್ಲಿ ಸಿಕ್ಕಿರಲಾರದು. ಮೆಟ್ಟಿಲ ನಡುವೆ ನಿಂತು ಏದುಸಿರು ಬಿಡುತ್ತಿದ್ದ ಒಬ್ಬಾಕೆ, “ಇಲ್ಲೇ ಎರಡ್ ಕಿಲೋ ಇಳೀತು ಕಾಣ್ತದೆ, ಕಾಟಾ ಇಲ್ಲೇ ಇಡ್ಬೇಕಾಗಿತ್ತು” ಎಂದಳು.

ಮೇಜಿನ ಹಿಂದೆ ಕೂತಿದ್ದ ಯುವಕ ಕಾರ್ಡು ನೋಡಿ, “ಸಲಹೆ ಪಾಲಿಸಿದ್ದೀರಾ? ಹೌದೋ ಇಲ್ವೋ?” ಎಂದ.

“ಹೌದು ಸರ್. ಅನ್ನ ಬಿಟ್ಟವ್ಳು ಒಂದಿನಾನೂ ತಪ್ಪಿಸ್ಲಿಲ್ಲ” ಎಂದಳು ಅತ್ತಿಗೆ.

ಯಂತ್ರ ತೊಂಬತ್ತಾರು ತೋರಿಸಿತು. “ಹಾಗಾದ್ರೆ ಯಂತ್ರ ಸುಳ್ಳು ಹೇಳ್ತದಾ ಅಮ್ಮಾ?”

ಸಾಲಿನಲ್ಲಿ ಯಾರೋ ನಕ್ಕರು. ಮುದ್ರೆ ಬಿತ್ತು. ನಾನು ಬಾಯಿ ತೆರೆದೆ, ಮುಚ್ಚಿದೆ. ಆಗ ನನಗೂ ಉತ್ತರ ಗೊತ್ತಿರಲಿಲ್ಲ ಎಂಬುದು ನನ್ನ ಒಂದೇ ಸಮಾಧಾನ. ವಾಪಸು ಬರುವಾಗ ಬಸ್ಸು ಅವರ್ಸಾ ದಾಟಿತು. ಅತ್ತಿಗೆ ಕಿಟಕಿಯ ಕಡೆ ನೋಡುತ್ತಲೇ, “ನಾ ಕದ್ದು ತಿಂತೆ ಅಂದ್ಕಂಡ್ರು ಅವ್ರು. ನೀನೂ ಹಾಂಗೇ ಅಂದ್ಕಂಡ್ಯೇನೆ?” ಎಂದಳು.

ಮರುದಿನದಿಂದ ಅವಳು ಫಳಾರವನ್ನೂ ಬಿಟ್ಟಳು. ಬರೀ ಕಪ್ಪು ಚಾ. ನಾಲ್ಕನೆಯ ದಿನ ಒಲೆಯ ಮುಂದೆ ಬಿದ್ದಳು. ನಮ್ಮೂರಿನ ಆಶಾ ಕಾರ್ಯಕರ್ತೆ ಭವ್ಯಾ ಓಡಿ ಬಂದವಳು ನಮ್ಮೆಲ್ಲರನ್ನೂ ಬೈದಳು: “ಮೈಯಲ್ಲಿ ರಕ್ತ ಏಳು, ಮೇಲಿಂದ ಉಪಾಸ ಬೇರೆ! ಇವ್ಳಿಗೆ ಆಪರೇಷನ್ ಟೇಬಲ್ ಬೇಕಾ, ನೆಲವೇ ಸಾಕಾ?” ಮತ್ತೆ ನನ್ನ ಕಡೆ ತಿರುಗಿ, “ಎಂ.ಎ. ಮಾಡ್ದವ್ಳೆ, ಇವ್ಳು ದಿನಾ ಎಂತಾ ತಿಂತಾಳೆ ಅಂತಾದ್ರೂ ಬರ್ದಿಡು. ಅಷ್ಟಕ್ಕಾದ್ರೂ ಬರ್ಲಿ ನಿನ್ ಪೆನ್ನು” ಎಂದಳು.

ಅತ್ತಿಗೆ ಮತ್ತೆ ಫಳಾರಕ್ಕೆ ಮರಳಿದ ಮೇಲೆ ಏಳು ದಿನ ಬರೆದೆ. ಒಂದು ದಿನದ್ದು ಹೀಗಿದೆ. ಬೆಳಿಗ್ಗೆ ಕಾಯಿ, ಬೆಲ್ಲ ಕಲೆಸಿದ ಅವಲಕ್ಕಿ ಎರಡು ಬಟ್ಟಲು. ಹನ್ನೊಂದಕ್ಕೆ ಬಾಳೆಹಣ್ಣು ಎರಡು, ಸಿಹಿ ಚಾ. ಮಧ್ಯಾಹ್ನ ಶೇಂಗಾಪುಡಿ, ತುಪ್ಪ ಹಾಕಿದ ಸಾಬುದಾಣಿ. ಸಂಜೆ ಹುರಿದ ಬಟಾಟೆ. ರಾತ್ರಿ ದೋಸೆ ಐದು. ಬರೆದದ್ದನ್ನು ಓದಿದ ಭವ್ಯಾ ತಲೆಯ ಮೇಲೆ ಕೈಯಿಟ್ಟು ಕೂತಳು. “ಅಕ್ಕಾ, ಇದಕ್ಕಿಂತ ಮಧ್ಯಾಹ್ನ ಒಂದ್ ಬಟ್ಲು ಅನ್ನ, ಮೀನ್ ಸಾರು, ಪಲ್ಯ ಉಂಡಿದ್ರೆ ಇಳೀತಿದ್ದೆ!” ಎಂದಳು. ಅತ್ತಿಗೆ, “ಈಗ ಉಣ್ಣೂಕಾಗ. ಹೇಳ್ಕಂಡ್ ಬಿಟ್ಟೆ” ಎಂದಳು.

ನಮ್ಮ ಸ್ಥಿತಿ ಅರ್ಥವಾಯಿತೇ, ಮಾನ್ಯರೇ? ಅನ್ನ ಉಂಡರೆ ಹರಕೆ ಮುರಿಯುತ್ತದೆ. ಉಣ್ಣದಿದ್ದರೆ ತೂಕ ಏರುತ್ತದೆ. ತೂಕ ಏರಿದರೆ ಆಪರೇಷನ್ ಇಲ್ಲ. ಆಪರೇಷನ್ ಆಗದೆ ಹರಕೆ ತೀರುವುದಿಲ್ಲ. ಈ ನಾಲ್ಕು ಗೋಡೆಗಳಲ್ಲಿ ಒಂದನ್ನಾದರೂ ಅತ್ತಿಗೆ ತಾನಾಗಿ ಕಟ್ಟಿಕೊಂಡಳೇ?

ಕೊನೆಗೆ ಅವ್ವಿಯೇ ಅವಳನ್ನು ಗುಡಿಗೆ ಕರೆದೊಯ್ದಳು. ನಾನೂ ಹೋದೆ. ಅಲ್ಲಿ ಮೈಕು ಇರಲಿಲ್ಲ. ಭಟ್ಟರು ಪ್ರದಕ್ಷಿಣೆಯ ಜಗಲಿಯ ಮೇಲೆ ಕೂರಿಸಿ, “ಏನೇನ್ ತಿಂತಿದ್ದೆ ತಂಗಿ?” ಎಂದರು. ಹತ್ತು ತಿಂಗಳಲ್ಲಿ ಭವ್ಯಾಳ ಹೊರತಾಗಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಅತ್ತಿಗೆ ಪಟ್ಟಿ ಹೇಳಿದಳು. ಭಟ್ಟರು ನಗಲಿಲ್ಲ. “ಗುಣಾಗ್ಲಿ ಅಂತ ಹಿಡಿದದ್ದಲ್ವಾ? ಗುಣಕ್ಕೇ ಅಡ್ಡ ಬಂದ್ರೆ ದೇವ್ರು ಹಟ ಹಿಡಿಯೂದಿಲ್ಲ. ಒಂದ್ ಕಾಯಿ ಒಡೆಸಿ, ಹೇಳ್ಕಂಡು ಬಿಡಿ” ಎಂದರು.

“ತಪ್ಪಾಗೂದಿಲ್ವಾ ಭಟ್ರೆ?” ಎಂದಳು ಅವ್ವಿ.

“ತಪ್ಪಾದ್ರೆ ನನ್ ತಲೆ ಮೇಲೆ ಇರ್ಲಿ.”

ಹತ್ತು ನಿಮಿಷದ ಕೆಲಸ. ದೇವರ ಕಚೇರಿಯಲ್ಲಿ ತಿದ್ದುಪಡಿಗೆ ಅವಕಾಶವಿದೆ, ಅರ್ಜಿದಾರಳ ಮಾತು ಕೇಳುವ ಪದ್ಧತಿಯಿದೆ, ತಪ್ಪಾದರೆ ಹೊಣೆ ಹೊರುವ ನೌಕರನಿದ್ದಾನೆ. ನಿಮ್ಮಲ್ಲಿ ಯಾವುದಿದೆ? ಜನವರಿಯಲ್ಲಿ ಎರಡು ಸಲ ಅಂಚೆಯಲ್ಲಿ ಮನವಿ ಕಳಿಸಿದೆ, ಏಳು ದಿನದ ಊಟದ ಪಟ್ಟಿಯನ್ನೂ ಲಗತ್ತಿಸಿದೆ. ‘ಮುದ್ರೆ ಒತ್ತಿದ ಕಾರ್ಡುಗಳನ್ನು ಮರುಪರಿಶೀಲಿಸಲು ನಿಯಮದಲ್ಲಿ ಅವಕಾಶವಿಲ್ಲ’ ಎಂದು ಒಂದೂವರೆ ಸಾಲಿನ ಉತ್ತರ ಬಂತು.

ಅತ್ತಿಗೆ ಈಗ ಅನ್ನ ಉಣ್ಣುತ್ತಾಳೆ, ಭವ್ಯಾ ತೋರಿಸಿದ ಬಟ್ಟಲಿನಲ್ಲಿ ಅಳೆದು, ಮೀನು, ಸೊಪ್ಪಿನ ಜೊತೆ. ಕಬ್ಬಿಣಾಂಶದ ಮಾತ್ರೆ ನುಂಗುತ್ತಾಳೆ. ಏಳು ವಾರದಲ್ಲಿ ಸೊಸೈಟಿಯ ಅಕ್ಕಿ ತೂಗುವ ಕಾಟಾದ ಮೇಲೆ ತೊಂಬತ್ತೆರಡೂವರೆ ಬಂದಿದೆ. ಮೂರೂವರೆ ಕಿಲೋ ಇಳಿದಿದೆ, ಒಬ್ಬಳು ಆಶಾ ಕಾರ್ಯಕರ್ತೆ ಮತ್ತು ಒಬ್ಬರು ಭಟ್ಟರು ಕೇಳಿದ ಒಂದು ಪ್ರಶ್ನೆಯಿಂದ. ಆದರೆ ನಿಮ್ಮ ಕಾರ್ಡಿನಲ್ಲಿ ಹೋಲಿಕೆ ಜೂನ್‌ನ ತೊಂಬತ್ತೊಂದರ ಜೊತೆ. ಹತ್ತೊಂಬತ್ತನೇ ತಾರೀಖಿಗೆ ಇನ್ನು ಹನ್ನೆರಡು ದಿನವಿದೆ. ಅಷ್ಟರಲ್ಲಿ ಅವಳು ತೊಂಬತ್ತೊಂದಕ್ಕೆ ಇಳಿಯುವ ಭರವಸೆಯಿಲ್ಲ, ಎಂಬತ್ತೈದಂತೂ ಬಹಳ ದೂರ. ಅವಳಿಗೂ ಇದು ಗೊತ್ತು. “ನಾ ಬರೂದಿಲ್ಲ. ಮತ್ತೊಂದ್ಸಲ ಸುಳ್ಳಿ ಅನ್ನಿಸ್ಕಳೂಕೆ ಅಷ್ಟ್ ದೂರ ಯಾಕೆ?” ಎನ್ನುತ್ತಿದ್ದಾಳೆ. ಅವಳು ಬರದಿದ್ದರೂ ನಿಮ್ಮ ನಿಯಮದಂತೆ ಮುದ್ರೆ ಬೀಳುತ್ತದೆ.

ಆದ್ದರಿಂದ ನನ್ನ ಬೇಡಿಕೆ ಸ್ಪಷ್ಟವಾಗಿದೆ. ಆ ಎರಡು ಮುದ್ರೆಗಳನ್ನು ರದ್ದು ಮಾಡಿ. ಪಾಲಿಸದ ತಪ್ಪು ಅವಳದಲ್ಲ, ಪಾಲಿಸಿದ್ದೇ ಅವಳಿಗೆ ಕೇಡಾಯಿತು ಎಂದು ಕಾರ್ಡಿನ ಮೇಲೆ ಬರೆದು ಸಹಿ ಹಾಕಿ. ಶಿಫಾರಸು ಪತ್ರವನ್ನು ಜೀವಂತವಾಗಿಡಿ. ಅಷ್ಟು ತೂಕದಲ್ಲೂ ಅರಿವಳಿಕೆ ಕೊಡಬಲ್ಲ ದೊಡ್ಡ ಆಸ್ಪತ್ರೆಗೆ ಅವಳನ್ನು ಕಳಿಸಲು ಸಾಧ್ಯವೇ ಎಂದು ವೈದ್ಯರನ್ನು ಲಿಖಿತವಾಗಿ ಕೇಳಿ. ನಿಮ್ಮ ಕರಪತ್ರ ಹಿಡಿದು ಅನ್ನ ಬಿಟ್ಟ ಇನ್ನೆಷ್ಟು ಹೆಂಗಸರು ಅಂಕೋಲಾ, ಕಾರವಾರ ತಾಲೂಕುಗಳಲ್ಲಿ ಸಾಬುದಾಣಿ ತಿಂದು ಮುದ್ರೆ ಒತ್ತಿಸಿಕೊಂಡಿದ್ದಾರೆಂದು ಮನೆಮನೆಗೆ ಹೋಗಿ ಕೇಳಿಸಿ. ಅವರಾಗಿ ಹೇಳುವುದಿಲ್ಲ, ನಾಚಿಕೆಪಡುತ್ತಾರೆ.

ಹತ್ತೊಂಬತ್ತರಂದು ಅತ್ತಿಗೆಯನ್ನು ನಾನು ಹೇಗಾದರೂ ಒಪ್ಪಿಸಿ ಕರೆತರುತ್ತೇನೆ. ಸಾಲಿನಲ್ಲಿ ಅವಳ ಮುಂದೆ ನಾನು ನಿಂತಿರುತ್ತೇನೆ. ನನ್ನ ತೂಕ ನಲವತ್ತೆಂಟು. ಅದನ್ನೂ ಮೈಕಿನಲ್ಲಿ ಕೂಗಿರಿ. ಅವಳಿಗೆ ಹದಿನೇಳು ವರ್ಷ ಸಿಗದ ಬಿಡುವನ್ನೂ ನಿದ್ದೆಯನ್ನೂ ಬಿಸಿ ಊಟವನ್ನೂ ಪಡೆದವಳ ತೂಕ ಎಷ್ಟಿರುತ್ತದೆಂದು ಎಲ್ಲರೂ ಕೇಳಲಿ.

ಇಂತಿ,
ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಹೋದ ಸೋಮವಾರದಿಂದಷ್ಟೇ ನಾಲ್ಕೂವರೆಗೆ ಎದ್ದು ಒಲೆ ಹಚ್ಚಲು ಕಲಿತಿರುವ ನಾದಿನಿ,
ದೀಪಾ
ಶೆಟಗೇರಿ, ಅಂಕೋಲಾ ತಾಲೂಕು
ಮಾರ್ಚ್ ೭